ಖುದ್ದು ಜಾರಿ

ನಾಲ್ಕು ಜನರ ಮಧ್ಯೆ ಬಿದ್ದ ಮನುಷ್ಯ ಏಟು ಎಲ್ಲಿ ಬಿತ್ತು ಅಂತ ಮೊದಲು ನೋಡಿಕೊಳ್ಳುವುದಿಲ್ಲ. ಯಾರು ನೋಡಿದರು ಅಂತ ನೋಡುತ್ತಾನೆ. ಯಾರೂ ನೋಡಿಲ್ಲ ಅಂತ ಖಾತ್ರಿಯಾದರೆ ಎದ್ದು, ಮಣ್ಣು ಕೊಡವಿಕೊಂಡು, ಅಲ್ಲೇನೋ ಬಿದ್ದಿತ್ತು, ಎತ್ತಿಕೊಳ್ಳಲು ಕೂತಿದ್ದೆ ಅನ್ನುವ ಮುಖ ಮಾಡಿಕೊಂಡು ಹೊರಟುಬಿಡಬಹುದು. ಯಾರಾದರೂ ನೋಡಿದ್ದರೆ ನೋವನ್ನು ಆಮೇಲಕ್ಕೆ ಇಟ್ಟುಕೊಂಡು ಮೊದಲು ನಾವೇ ನಕ್ಕುಬಿಡುತ್ತೇವೆ. ಬಿದ್ದವನೇ ನಕ್ಕರೆ ಉಳಿದವರ ನಗು ಅರ್ಧಕ್ಕೆ ಇಳಿಯುತ್ತದೆ ಅಂತ ಒಂದು ನಂಬಿಕೆ. ನಾನು ಈ ಪದ್ಧತಿಯನ್ನು ಬಿಟ್ಟಿದ್ದೇನೆ. ಈಗ ನಾನು ಬಿದ್ದರೆ ನಗುವುದಿಲ್ಲ. ಬಿದ್ದಲ್ಲೇ ಕೂತು, ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ನಿಧಾನವಾಗಿ ಏಳುತ್ತೇನೆ. ನಿಧಾನವಾಗಿ ಏಳುವುದಕ್ಕೆ ಗಾಂಭೀರ್ಯ ಒಂದು ಕಾರಣ, ಮಂಡಿ ಇನ್ನೊಂದು.

ಬೀಳುವುದರಲ್ಲಿ ಇಷ್ಟೊಂದು ಅನುಭವ ಎಲ್ಲಿಂದ ಬಂತು ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಐವತ್ತು ದಾಟಿದ ಮೇಲೆ, ತಲೆಯಲ್ಲಿ ಕೂದಲಿಗಿಂತ ಹಣೆಯೇ ಜಾಸ್ತಿಯಾದ ಮೇಲೆ, ನಾನು ಚಿತ್ರದುರ್ಗದಲ್ಲಿ ಸ್ಕೇಟಿಂಗ್ ಕಲಿಯಲು ಸೇರಿದೆ. ಟಿ.ವಿ.ಯಲ್ಲಿ ನೀವು ನೋಡಿರುತ್ತೀರಿ, ಯಾವುದೋ ತಣ್ಣನೆಯ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಜೋಡಿಗಳು ಒಂಟಿ ಕಾಲಲ್ಲಿ ತೇಲಿಕೊಂಡು ಹೋಗುತ್ತವೆ. ನಮ್ಮೂರಿನಲ್ಲಿ ಮಂಜುಗಡ್ಡೆ ಅಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟಿರುವ ಗಡ್ಡೆ. ನಮ್ಮ ಬಿಸಿಲಿಗೆ ಅದರ ಮೇಲೆ ಇರುವೆ ಜಾರಬೇಕೆಂದರೂ ಅವಸರ ಮಾಡಬೇಕು. ಹಾಗಾಗಿ ನಮ್ಮದು ಸಿಮೆಂಟಿನ ರಿಂಕು. ಸುತ್ತ ಕಬ್ಬಿಣದ ಕಂಬಿ, ಕಾಲಿಗೆ ಚಕ್ರದ ಬೂಟು. ಅಲ್ಲಿ ಮಂಜು ಅಂತ ಇರುವುದು ಕೋಚ್ ಒಬ್ಬನೇ. ಅವನ ಪೂರ್ತಿ ಹೆಸರು ಮಂಜುನಾಥ.

ಡಾಕ್ಟರು ವಾಕಿಂಗ್ ಮಾಡಿ ಅಂದಿದ್ದರು. ನಡೆಯುವುದು ನನಗೆ ಹೊಸದಲ್ಲ. ನಮ್ಮಪ್ಪ ಮಾಡದಕೆರೆ ಕಡೆ ಕುರಿ ಕಾಯುತ್ತಿದ್ದವನು, ನಡಿಗೆ ನಮ್ಮ ವಂಶದ ಕಸುಬು. ಆದರೆ ನನ್ನ ನೌಕರಿಯಲ್ಲಿ ಎಲ್ಲಿಗೆ ನಡೆದರೂ ಯಾರದೋ ಮನೆ ಬಾಗಿಲಿಗೇ ನಡೆಯಬೇಕು, ಹೋದ ತಕ್ಷಣ ಆ ಬಾಗಿಲು ಮುಚ್ಚಿಕೊಳ್ಳಬೇಕು. ಒಂದು ಸಂಜೆ ರಿಂಕಿನ ಪಕ್ಕದಲ್ಲಿ ಬೈಕ್ ನಿಲ್ಲಿಸಿ ನೋಡಿದೆ. ದೀಪದ ಕೆಳಗೆ ಎಲ್ಲರೂ ಸುಮ್ಮನೆ ಸುತ್ತುತ್ತಿದ್ದರು. ಹೊರಟಲ್ಲಿಗೇ ಬರುತ್ತಿದ್ದರು, ಮತ್ತೆ ಹೊರಡುತ್ತಿದ್ದರು. ಯಾರ ಕೈಯಲ್ಲೂ ಯಾರಿಗೂ ಕೊಡಬೇಕಾದ ಕಾಗದವಿರಲಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ನಾನು ಹಾಗೆ ಒಂದು ದಿನವೂ ಹೋಗಿರಲಿಲ್ಲ. ಗೇಟಿನ ಮೇಲೆ ಬೋರ್ಡಿತ್ತು: ‘ಎಲ್ಲಾ ವಯಸ್ಸಿನವರಿಗೂ ಪ್ರವೇಶ’. ನಾನು ಕೋರ್ಟಿನ ನೌಕರ. ಬರೆದದ್ದನ್ನು ಬರೆದ ಹಾಗೇ ಓದುವವನು. ಒಳಗೆ ಹೋದೆ.

ಮೊದಲ ದಿನ ಮಂಜು ನನ್ನ ಹೆಸರು ಬರೆದುಕೊಂಡ. ಹನುಮಂತಪ್ಪ. ‘ಕೆಲ್ಸ ಏನ್ ಸಾರ್ ನಿಮ್ದು?’ ಅಂತ ಕೇಳಿದ. ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಹಳ್ಳಿಯವರು ನಮ್ಮನ್ನು ಅಮೀನರು ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ್ದರೆ ಯಾರಿಗೂ ಅರ್ಥವಾಗದೆ ಗೌರವ ಉಳಿಯುತ್ತಿತ್ತು. ನಾನು ಕನ್ನಡದ ಅಭಿಮಾನಿ, ಸರ್ಕಾರ ಕೊಟ್ಟ ಕನ್ನಡದ ಹೆಸರನ್ನೇ ಎದೆ ಸೆಟೆಸಿ ಹೇಳಿದೆ: ‘ಆದೇಶ ಜಾರಿಕಾರ’. ಕೋರ್ಟಿನ ಸಮನ್ಸು, ನೋಟಿಸುಗಳನ್ನು ಜನರಿಗೆ ಮುಟ್ಟಿಸಿ ಸಹಿ ಹಾಕಿಸಿಕೊಳ್ಳುವುದಕ್ಕೆ ಜಾರಿ ಮಾಡುವುದು ಅನ್ನುತ್ತಾರೆ, ಮಾಡುವವನು ಜಾರಿಕಾರ. ಇದರಲ್ಲಿ ನಗುವಂಥದ್ದು ಏನಿದೆ ಅಂತ ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹೇಳಿದ ಮರುಕ್ಷಣ ನನ್ನ ಎರಡು ಕಾಲೂ ಎರಡು ತಾಲ್ಲೂಕಿನ ಕಡೆ ಹೊರಟವು. ಒಂದು ಹಿರಿಯೂರಿಗೆ, ಒಂದು ಹೊಳಲ್ಕೆರೆಗೆ. ನಾನು ನಡುವೆ ಕೂತೆ.

‘ಲೇ, ಜಾರಿಕಾರ್ರು ಜಾರಿದ್ರಲೇ!’ ಅಂತ ಒಂದು ದನಿ ಕೇಳಿತು.

ಆ ದನಿಯ ಒಡೆಯನನ್ನು ಅಲ್ಲಿ ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಮೂವತ್ತರ ಆಸುಪಾಸಿನ ಹುಡುಗ. ಟೈಲ್ಸ್ ಅಂಗಡಿಯ ಮಾಲೀಕನಂತೆ. ಮುಂದಕ್ಕೆ ಹೋಗುವಷ್ಟೇ ಸಲೀಸಾಗಿ ಹಿಂದಕ್ಕೂ ಹೋಗುತ್ತಿದ್ದ, ಹಿಂದಕ್ಕೆ ಹೋಗುತ್ತಲೇ ಮೊಬೈಲ್ ನೋಡುತ್ತಿದ್ದ. ಅವನ ಹಿಂದೆ ಕಾಲೇಜಿನವರ ಒಂದು ದಂಡು. ಅವರ ನಗುವಿಗೆ ಅಂದಿನಿಂದ ನಾನೇ ಬಂಡವಾಳ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ನಮ್ಮ ಇಲಾಖೆಯ ಭಾಷೆಯೂ ಅವರ ಪರವಾಗಿಯೇ ಇತ್ತು. ಕಾಗದವನ್ನು ಆ ವ್ಯಕ್ತಿಯ ಕೈಗೇ ಕೊಟ್ಟರೆ ನಾವು ಬರೆಯುವ ಷರಾ ‘ಖುದ್ದು ಜಾರಿ’. ಆಸಾಮಿ ಸಿಗದೆ ಬಾಗಿಲಿಗೆ ಹಚ್ಚಿ ಬಂದರೆ ‘ಅಂಟಿಸಿ ಜಾರಿ’. ಎರಡೂ ಆಗದಿದ್ದರೆ ‘ಜಾರಿಯಾಗದೆ ವಾಪಸ್’. ಕಾಲೇಜಿನ ಹುಡುಗರಲ್ಲೊಬ್ಬ ಕಾನೂನು ಓದುವವನು ಇದನ್ನೆಲ್ಲ ಅವರಿಗೆ ಹೇಳಿಕೊಟ್ಟ. ನಾನು ಧೊಪ್ಪನೆ ಬಿದ್ದರೆ ‘ಖುದ್ದು!’ ಅಂತ ಕೂಗುವರು. ಬೀಳುವ ಭಯಕ್ಕೆ ಕಂಬಿಗೆ ಅಂಟಿಕೊಂಡು ನಿಂತರೆ ‘ಅಂಟಿಸಿದ್ದು!’ ಅನ್ನುವರು. ನಾನು ಹೆಚ್ಚಾಗಿ ಕಂಬಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ನನ್ನ ಹೆಸರೇ ಅಂಟಿಸಿದ ನೋಟಿಸು ಅಂತಾಯಿತು. ಆರು ವರ್ಷದ ಹೆಣ್ಣುಮಗುವೊಂದು ನನ್ನ ಪಕ್ಕದಲ್ಲಿ ಸುಯ್ಯಂತ ಹೋಗುತ್ತ ‘ಸೈಡ್ ಬಿಡ್ರಿ ನೋಟಿಸ್ ಅಂಕಲ್’ ಅಂದಿತು. ಅದು ಗೇಲಿಯಲ್ಲ, ಪಾಪ, ಅದಕ್ಕೆ ನನ್ನ ಹೆಸರು ಅದೇ ಅಂತ ಗೊತ್ತಿದ್ದದ್ದು.

ಮನೆಯಲ್ಲಾದರೂ ಆಸರೆ ಸಿಗಬಹುದು ಅಂದುಕೊಂಡು ಇದನ್ನೆಲ್ಲ ನನ್ನ ಹೆಂಡತಿ ಶಾರದಮ್ಮನ ಹತ್ತಿರ ತೋಡಿಕೊಂಡೆ. ಅವಳು ಪೂರ್ತಿ ಕೇಳಿದಳು. ನಗಲಿಲ್ಲ. ಮಾರನೇ ದಿನ ನಾನು ಕುಂಟುತ್ತ ಒಳಗೆ ಬರುವಾಗ ಮಾತ್ರ ಒಗ್ಗರಣೆಯಿಂದ ತಲೆ ಎತ್ತದೆ ಕೇಳಿದಳು.

‘ಇವತ್ತು ಖುದ್ದೋ, ಅಂಟಿಸಿದ್ದೋ?’

ಆಮೇಲೆ ಅದೇ ನಮ್ಮ ಮನೆಯ ಕುಶಲಪ್ರಶ್ನೆಯಾಯಿತು. ಖುದ್ದು ಅಂದರೆ ನೋವಿನ ಎಣ್ಣೆ ಬಿಸಿ ಮಾಡುವಳು, ಅಂಟಿಸಿದ್ದು ಅಂದರೆ ಚಹಾಕ್ಕೆ ನೀರಿಡುವಳು. ಒಂದು ದಿನ ರಿಂಕಿಗೆ ರಜೆಯೆಂದು ಗೇಟಿನಿಂದಲೇ ವಾಪಸು ಬಂದಾಗ, ‘ಜಾರಿಯಾಗ್ದೆ ವಾಪಸ್ಸಾ?’ ಅಂದಳು. ಕೋರ್ಟಿನವನ ಹೆಂಡತಿಯಾಗಿ ಅವಳು ಕಲಿತದ್ದು ವ್ಯರ್ಥವಾಗಿಲ್ಲ.

ಕ್ಯಾಪ್ಟನ್ನಿಗೆ ಗೇಲಿಯಷ್ಟೇ ಸಾಕಾಗಲಿಲ್ಲ. ಒಂದು ಸಂಜೆ ಮಂಜು ನನ್ನ ಹತ್ತಿರ ಬಂದು, ಬೂಟಿನ ದಾರ ನೋಡುತ್ತ ಮಾತಾಡಿದ. ‘ಸಾರ್, ಬೇಜಾರ್ ಮಾಡ್ಕಬ್ಯಾಡ್ರಿ. ಕ್ಯಾಪ್ಟನ್ನೂ ಅವ್ರೂ ಹೇಳ್ತಾ ಅವ್ರೆ, ನೀವು ಅಡ್ಡ ಆಗ್ತೀರಂತೆ. ಸ್ಟೇಡಿಯಂನಾಗೆ ವಾಕಿಂಗ್ ಟ್ರ್ಯಾಕ್ ಐತಲ್ಲ, ಅಲ್ಲಿ...’

ಗೇಲಿಯನ್ನು ನಾನು ನುಂಗಿಕೊಂಡಿದ್ದೆ. ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಮಂಜುವನ್ನು ಕೈಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅವನೇ ನನ್ನನ್ನು ಹಿಡಿದುಕೊಂಡು ಬಂದ, ಕಾಲಲ್ಲಿ ಚಕ್ರವಿತ್ತು. ಬೋರ್ಡು ತೋರಿಸಿದೆ. ‘ಓದಪ್ಪ’ ಅಂದೆ. ಓದಿದ. ‘ಇದ್ರಾಗೆ ಬೀಳ್ದೆ ಇರೋರಿಗೆ ಮಾತ್ರ ಅಂತ ಬರ್ದೈತೇನು?’

‘ಇಲ್ಲ ಸಾರ್.’

‘ಬರ್ಸು. ಬರ್ಸಿದ ದಿವ್ಸ ನಾನು ಹೋಗ್ತೀನಿ. ಅಲ್ಲೀವರ್ಗೂ ಬರ್ತೀನಿ, ಬೀಳ್ತೀನಿ, ಏಳ್ತೀನಿ. ನಗೋರು ನಗ್ಲಿ. ಒಂದು ಸುತ್ತು ಈ ಕಂಬಿ ಹಿಡೀದೆ ಬರೋವರ್ಗೂ ನಾನಿಲ್ಲಿಂದ ಕದಲಲ್ಲ.’

ಹೇಳಿದ್ದೇನೋ ಹೇಳಿಬಿಟ್ಟೆ. ಹೇಳುವಾಗ ನನ್ನ ಕೈ ಗೇಟಿನ ಕಂಬಿಯನ್ನು ಹಿಡಿದುಕೊಂಡಿತ್ತು.

ಇದೇ ದಿನಗಳಲ್ಲಿ ನೌಕರಿಯಲ್ಲೂ ಒಂದು ಪೀಕಲಾಟ ಶುರುವಾಗಿತ್ತು. ಅದು ತೆಂಗಿನ ಮರದ ಕೇಸು. ಅಣ್ಣನ ಕಾಂಪೌಂಡಿನಲ್ಲಿ ಹುಟ್ಟಿದ ಮರ ವಯಸ್ಸಾದಂತೆ ತಮ್ಮನ ಕಡೆಗೆ ವಾಲಿತ್ತು. ಬುಡ ಇವನದು, ತಲೆ ಅವನ ಮನೆಯ ಮೇಲೆ. ಒಂದು ಕಾಯಿ ತಮ್ಮನ ಸ್ಕೂಟರಿನ ಮೇಲೆ ಬಿತ್ತು. ಬಿದ್ದದ್ದು ತಾನಾಗಿಯೋ, ಅಣ್ಣ ಕೆಡವಿಸಿದ್ದೋ ಅನ್ನುವುದರ ಮೇಲೆ ಮೊಕದ್ದಮೆ ನಿಂತಿತ್ತು. ಹೊಸದುರ್ಗದ ತೋಟದವರಿಗೆ ಹೇಳಿದರೆ ಒಂದು ಮರಕ್ಕೆ ಇಷ್ಟೆಲ್ಲವೇ ಅಂತ ನಕ್ಕಾರು. ಎದುರು ಮನೆಯವನೊಬ್ಬ ಅದನ್ನು ಕಣ್ಣಾರೆ ನೋಡಿದ್ದನಂತೆ. ಹೆಸರು ಕಿರಣ್ ಕುಮಾರ್ ಬಿನ್ ತಿಪ್ಪೇಸ್ವಾಮಿ. ಅವನಿಗೆ ಸಾಕ್ಷಿ ಸಮನ್ಸ್ ಜಾರಿ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲ ಸಲ ಹೋದಾಗ ಅವನ ತಾಯಿ ಬಾಗಿಲಲ್ಲೇ ನಿಂತು, ‘ಹಿರಿಯೂರಿಗೆ ಹೋಗ್ಯಾನೆ’ ಅಂದರು. ಎರಡನೇ ಸಲ, ‘ಹೊಳಲ್ಕೆರಿಗೆ ಹೋಗ್ಯಾನೆ.’ ಕಾಗದ ಎರಡು ಸಲ ವಾಪಸಾಯಿತು. ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನನ್ನ ಷರಾ ನೋಡಿ, ‘ಇನ್ನು ಅಂಟಿಸುವುದು, ವಾಪಸು ತರುವುದು ಬೇಡ. ಖುದ್ದು ಜಾರಿಯಾಗಬೇಕು. ಇಲ್ಲದಿದ್ದರೆ ಜಾರಿಕಾರರು ಮುಂದಿನ ತಾರೀಖಿಗೆ ಖುದ್ದಾಗಿ ಬಂದು ವಿವರಣೆ ಕೊಡಲಿ’ ಅಂದರು. ಎಷ್ಟೋ ಜನರನ್ನು ಕಟಕಟೆಗೆ ಕರೆತಂದವನು ನಾನು, ನನ್ನನ್ನೇ ಅಲ್ಲಿ ನಿಲ್ಲಿಸುವ ಕಾಲ ಬಂದಿತ್ತು. ಮೂರನೇ ಸಲ ಹೋದೆ. ಆ ತಾಯಿ ನನ್ನನ್ನು ನೋಡಿ ಒಂದಿಷ್ಟು ಹೊತ್ತು ಉಳಿದ ತಾಲ್ಲೂಕುಗಳನ್ನು ನೆನಪಿಸಿಕೊಂಡರು. ‘ಹೊಸದುರ್ಗ’ ಅಂದರು.

ಅದೇ ಸಂಜೆ ನಾನು ರಿಂಕಿನಲ್ಲಿ ಕಂಬಿಗೆ ಅಂಟಿಕೊಂಡು ನಿಂತಿದ್ದೆ. ಗಾಳಿ ಜೋರಾಗಿ ಬೀಸುತ್ತಿತ್ತು. ಗೇಟಿನ ಹತ್ತಿರ ಒಬ್ಬ ಹೆಂಗಸು ಸ್ವೆಟರ್ ಹಿಡಿದುಕೊಂಡು ಬಂದು, ‘ಕಿರಣಾ! ಲೇ ಕಿರಣಾ!’ ಅಂತ ಕೂಗಿದರು. ಕ್ಯಾಪ್ಟನ್ ಹಿಂದುಹಿಂದಕ್ಕೆ ಬರುತ್ತ ಗಕ್ಕನೆ ತಿರುಗಿದ. ನಾನು ಆ ಹೆಂಗಸನ್ನು ನೋಡಿದೆ, ಆ ಹೆಂಗಸು ನನ್ನನ್ನು ನೋಡಿದರು. ಹೆಲ್ಮೆಟ್ಟು, ಮಂಡಿಗೆ ಪ್ಯಾಡು ಹಾಕಿಕೊಂಡಿದ್ದರೂ ಅಮೀನರ ಮುಖ ಮರೆಯುವಂಥದ್ದಲ್ಲ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ‘ಈಗ್ ತಾನೇ ಹೊಸದುರ್ಗದಿಂದ ಬಸ್ ಇಳ್ದ’ ಅಂದರು. ಚಕ್ರದ ಬೂಟು ಹಾಕಿಕೊಂಡೇ ಇಳಿದಿದ್ದ ಅಂತ ಕಾಣುತ್ತದೆ.

‘ನೀನೇನಪ್ಪ ಕಿರಣ್ ಕುಮಾರ್ ಬಿನ್ ತಿಪ್ಪೇಸ್ವಾಮಿ?’ ಅಂತ ಕೇಳಿದೆ.

ಅವನು ನನ್ನ ಸುತ್ತ ಒಂದು ಸಣ್ಣ ಸುತ್ತು ಹೊಡೆದ. ‘ಹೌದ್ ಸಾರ್.’

‘ನಿಮ್ಮನಿಗೆ ಬರ್ತಿರೋನು ನಾನೇ ಅಂತ ಗೊತ್ತಿತ್ತೇನು?’

‘ಮೊದಲ್ನೇ ದಿವ್ಸದಿಂದ್ಲೂ ಗೊತ್ತೈತೆ ಸಾರ್. ಕಿಟಕಿಯಿಂದ ನೋಡಿದ್ದೆ. ಏನ್ ಮಾಡ್ಲಿ? ಅಣ್ಣನೂ ನಮ್ಮಂಗಡಿ ಗಿರಾಕಿ, ತಮ್ಮನೂ ನಮ್ಮಂಗಡಿ ಗಿರಾಕಿ. ಯಾರ ಕಡಿಗೆ ಹೇಳಿದ್ರೂ ಇನ್ನೊಬ್ರ ಮನಿಗೆ ಟೈಲ್ಸ್ ಹೋಗಲ್ಲ.’

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಅವನಿಗಾಗಿ ನಾನು ಬಿಸಿಲಲ್ಲಿ ಬಾಗಿಲು ತಟ್ಟುತ್ತಿದ್ದರೆ ಇವನು ಪ್ರತಿ ಸಂಜೆ ನನ್ನ ಮೂಗಿನ ಮುಂದೆಯೇ ಸುತ್ತುತ್ತಿದ್ದ. ಸುತ್ತುತ್ತ, ಅಂಟಿಸಿದ ನೋಟಿಸು ಅಂತ ನನಗೇ ಹೆಸರಿಟ್ಟು ನಗುತ್ತಿದ್ದ. ಹಾಗೆ ಅಂಟಿಸಿ ಬರಲೂ ಸಾಹೇಬರು ಬಿಟ್ಟಿರಲಿಲ್ಲ. ಬೆಂಚಿನ ಮೇಲಿದ್ದ ಚೀಲದಿಂದ ಸಮನ್ಸ್ ತೆಗೆದುಕೊಂಡೆ. ಅಭ್ಯಾಸಬಲದಿಂದ ಪೆನ್ನೂ, ಹೆಬ್ಬೆಟ್ಟಿನ ಇಂಕ್ ಪ್ಯಾಡೂ ಇನ್ನೊಂದು ಕೈಗೆ ಬಂದವು. ‘ತಗೊಳ್ಳಪ್ಪ, ಸೈನ್ ಹಾಕು’ ಅಂದೆ. ಅವನು ಅಷ್ಟರಲ್ಲಿ ಆ ತುದಿಯಲ್ಲಿದ್ದ. ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಕೂಗಿದ.

‘ಸಾರ್, ಒಂದು ಸುತ್ತು ಕಂಬಿ ಹಿಡೀದೆ ಬರ್ರಿ. ನಾನು ಇಲ್ಲೇ ನಿಂತಿರ್ತೀನಿ, ಓಡಲ್ಲ. ಬಂದು ಕೊಟ್ರೆ ಸೈನ್ ಹಾಕ್ತೀನಿ. ನಿಮ್ ಶಪಥನೂ ತೀರ್ಲಿ.’

ಮಂಜು ಎಲ್ಲ ಹೇಳಿಬಿಟ್ಟಿದ್ದ. ಸುತ್ತುತ್ತಿದ್ದವರೆಲ್ಲ ಪಕ್ಕಕ್ಕೆ ಸರಿದು ಕಂಬಿಗೆ ಒರಗಿ ನಿಂತರು. ಎಂದೂ ನನಗೆ ಜಾಗ ಬಿಡದವರು ಅವತ್ತು ಇಡೀ ರಿಂಕನ್ನೇ ಬಿಟ್ಟುಕೊಟ್ಟರು. ಬೀಳುವುದನ್ನು ಪೂರ್ತಿ ನೋಡಬೇಕಲ್ಲ! ‘ಅಂಟಿಸ್ರಿ! ಅಂಟಿಸ್ರಿ!’ ಅಂತ ಚಪ್ಪಾಳೆ ಶುರುವಾಯಿತು. ಕಾನೂನು ಓದುವವನು ಮೊಬೈಲ್ ತೆಗೆದು ಹಿಡಿದ.

ಒಂದು ಕ್ಷಣ ಚೀಲ ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋದರೆ ಶಾರದಮ್ಮ ‘ಜಾರಿಯಾಗ್ದೆ ವಾಪಸ್ಸಾ?’ ಅನ್ನುತ್ತಾಳೆ. ಆ ಪ್ರಶ್ನೆಗೆ ಹೌದು ಅನ್ನುವುದಕ್ಕಿಂತ ಬೀಳುವುದೇ ವಾಸಿ. ಒಂದು ಕೈಯಲ್ಲಿ ಸಮನ್ಸ್, ಇನ್ನೊಂದರಲ್ಲಿ ಇಂಕ್ ಪ್ಯಾಡು, ಕಂಬಿ ಹಿಡಿಯಬೇಕೆಂದರೂ ಕೈ ಇರಲಿಲ್ಲ. ಹೊರಟೆ.

ನೇರ ದಾರಿ ಸುಲಭ. ತಿರುವು ಬಂದಾಗಲೇ ಕಷ್ಟ. ಪ್ರತಿದಿನ ನಾನು ಅಂಟಿಕೊಳ್ಳುತ್ತಿದ್ದದ್ದು ಆ ತಿರುವಿನಲ್ಲೇ. ಅಲ್ಲಿ ಯಾಕೋ ಅಪ್ಪ ನೆನಪಾದ. ಕೋಲಿನ ಮೇಲೆ ಭಾರ ಹಾಕಿ, ಒಂದು ಕಾಲನ್ನು ಇನ್ನೊಂದರ ಮಂಡಿಗೆ ಆನಿಸಿಕೊಂಡು, ಕುರಿ ಮೇಯುವಷ್ಟು ಹೊತ್ತೂ ಹಾಗೇ ನಿಂತಿರುತ್ತಿದ್ದ. ಅಂಥವನ ಮಗ ನಾನು ಎರಡು ಕಾಲಲ್ಲಿ ನಿಲ್ಲಲಾರೆನೇ? ಇಲ್ಲದ ಕೋಲಿನ ಮೇಲೆ ಭಾರ ಹಾಕಿದವನಂತೆ ಒಂದು ಪಕ್ಕಕ್ಕೆ ವಾಲಿದೆ. ತಿರುವು ತಾನಾಗಿ ತಿರುಗಿತು. ಚಪ್ಪಾಳೆ ನಿಂತುಹೋಯಿತು. ನನ್ನ ಚಕ್ರದ ಸದ್ದು ನನಗೇ ಕೇಳತೊಡಗಿತು. ಅಯ್ಯೋ, ಎಂಥ ಸುಖ ಅದು! ಕೈಯಲ್ಲಿ ಕಾಗದವಿತ್ತು ನಿಜ, ಆದರೂ ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಯಾವ ಬಾಗಿಲೂ ಮುಚ್ಚಿಕೊಳ್ಳುತ್ತಿರಲಿಲ್ಲ.

ಎರಡನೇ ತಿರುವೂ ದಾಟಿ ಕಿರಣನ ಕಡೆಗೆ ಬರುವಾಗ ಒಂದು ವಿಷಯ ಹೊಳೆಯಿತು. ನನಗೆ ನಿಲ್ಲಿಸಲು ಬರುತ್ತಿರಲಿಲ್ಲ. ಕಲಿಯುವ ಪ್ರಸಂಗವೇ ಬಂದಿರಲಿಲ್ಲ. ಇಷ್ಟು ದಿನವೂ ನನ್ನನ್ನು ನಿಲ್ಲಿಸಿದ್ದು ಕಂಬಿ, ಇಲ್ಲವೇ ನೆಲ. ಕಿರಣ ಕೈಕಟ್ಟಿಕೊಂಡು ನಿಂತಿದ್ದ. ಮಾತಿಗೆ ತಪ್ಪುವವನಲ್ಲ, ಪಾಪ. ಎಚ್ಚರಿಸಬೇಕೆಂದರೆ ಬಾಯಿಗೆ ಬಂದದ್ದು ಕೋರ್ಟಿನ ಕೂಗೇ. ‘ಕಿರಣ್ ಕುಮಾರ್ ಬಿನ್ ತಿಪ್ಪೇಸ್ವಾಮೀ! ಕಿರಣ್ ಕುಮಾರ್ ಬಿನ್ ತಿಪ್ಪೇಸ್ವಾಮೀ!’ ಮೂರನೇ ಕೂಗು ಮುಗಿಯುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದೆವು. ಅವನು ಕೆಳಗೆ, ನಾನು ಮೇಲೆ, ಸಮನ್ಸ್ ಮಧ್ಯದಲ್ಲಿ. ಇಂಕ್ ಪ್ಯಾಡು ಅವನ ಬಿಳಿ ಟೀ ಶರ್ಟಿಗೆ ತನ್ನ ಮುದ್ರೆ ಒತ್ತಿತ್ತು.

ಆ ಆರು ವರ್ಷದ ಮಗು ಕಂಬಿಯ ಕಡೆಯಿಂದ ಸ್ಪಷ್ಟವಾಗಿ ಹೇಳಿತು: ‘ಖುದ್ದು.’

ಕಿರಣ ಬಿದ್ದಲ್ಲೇ ನಗಲು ಶುರುಮಾಡಿದ. ನಾನು ನಗಲಿಲ್ಲ, ನನ್ನ ಪದ್ಧತಿ ಗೊತ್ತಲ್ಲ. ಪೆನ್ನು ಕೊಟ್ಟೆ. ಅವನು ನೆಲದ ಮೇಲೆಯೇ ಕಾಗದ ಇಟ್ಟುಕೊಂಡು ಸಹಿ ಹಾಕಿದ. ‘ಬಿಡ್ರಿ ಸಾರ್, ಮನಿಗೆ ಬಂದಾಗ್ಲೇ ಇಸ್ಕಂಡಿದ್ರೆ ಮೊಣಕೈಯಾದ್ರೂ ಉಳೀತಿತ್ತು’ ಅಂದ.

ಮಾರನೇ ದಿನ ನನ್ನ ವರದಿಯನ್ನು ನಾಜರರು ಎರಡು ಸಲ ಓದಿದರು. ಜಾರಿಕಾರರ ಕೆಲಸವನ್ನೆಲ್ಲ ನೋಡಿಕೊಳ್ಳುವವರು ಅವರೇ. ನಾನು ಇಲಾಖೆಯ ಭಾಷೆಯಲ್ಲೇ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ: ‘ಸ್ಕೇಟಿಂಗ್ ರಿಂಕಿನಲ್ಲಿ ಸಾಕ್ಷಿದಾರರ ಮೇಲೆ ಖುದ್ದು ಜಾರಿಯಾಗಿದೆ.’

‘ಏನ್ರಿ ಹನುಮಂತಪ್ಪ, ಸಾಕ್ಷಿದಾರರ ಮೇಲೆ ಅಂದ್ರೆ?’

‘ಮೇಲೇ ಸಾರ್.’

ಅವರು ಮತ್ತೇನೂ ಕೇಳದೆ ರುಜು ಹಾಕಿದರು. ನನ್ನ ಸರ್ವಿಸಿನಲ್ಲೇ ಅಷ್ಟು ಸತ್ಯವಾದ ಷರಾ ನಾನು ಬರೆದಿಲ್ಲ.

ಗೇಲಿ ಅಲ್ಲಿಗೆ ನಿಂತಿತು ಅಂತ ನೀವು ತಿಳಿಯಬೇಡಿ. ನಾನು ಈಗಲೂ ಬೀಳುತ್ತೇನೆ, ಅವರು ಈಗಲೂ ಕೂಗುತ್ತಾರೆ. ಆದರೆ ಜಾಗ ಬಿಟ್ಟು ಕೂಗುತ್ತಾರೆ. ನಾನು ಬರುವುದು ಕಂಡರೆ ‘ಸಮನ್ಸ್ ಬಂತು, ಸರೀರ್ರಲೇ’ ಅಂತ ದಾರಿ ಬಿಡುತ್ತಾರೆ. ವಾಕಿಂಗ್ ಟ್ರ್ಯಾಕಿನ ಮಾತನ್ನು ಮಂಜು ಮತ್ತೆ ಎತ್ತಿಲ್ಲ. ನನಗೆ ನಿಲ್ಲಿಸುವುದನ್ನು ಕಲಿಸಲು ಕಿರಣನೇ ಮುಂದೆ ಬಂದ. ಅದರಲ್ಲಿ ಅವನ ಸ್ವಾರ್ಥವೂ ಇರಬಹುದು.

ಇನ್ನು ಆ ಕೇಸು. ತಾರೀಖಿನ ದಿನ ಕಿರಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬೆಳಗ್ಗೆಯೇ ಬಂದು ವರಾಂಡದಲ್ಲಿ ಕೂತಿದ್ದ. ಮುಖ ಬಾಡಿತ್ತು. ಕೇಸು ಕೂಗಿದಾಗ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಎದ್ದು ನಿಂತು, ರಾಜಿಯಾಗಿದ್ದೇವೆ ಸ್ವಾಮಿ ಅಂದುಬಿಟ್ಟರು. ಮರ ಅವರ ರಾಜಿಗೆ ಕಾಯದೆ ಹಿಂದಿನ ವಾರದ ಗಾಳಿಗೆ ತಾನೇ ಉರುಳಿತ್ತು, ಯಾರ ಮೇಲೂ ಬೀಳದೆ ರಸ್ತೆಗೆ ಬಿದ್ದಿತ್ತು. ಸಾಕ್ಷಿ ಬೇಕಾಗಲಿಲ್ಲ. ಹಾಗಾದರೆ ನಾನು ಸುತ್ತಿದ್ದು, ಬಿದ್ದಿದ್ದು, ಅವನ ಮೊಣಕೈ ತರಚಿದ್ದು ಎಲ್ಲ ಯಾತಕ್ಕೆ? ಕಿರಣನಿಗೆ ಅದೊಂದೂ ಬೇಕಿರಲಿಲ್ಲ, ಜೀವ ಬಂದವನ ಹಾಗೆ ಹೊರಗೆ ಬಂದ. ಟೈಲ್ಸ್ ಎರಡೂ ಮನೆಗೆ ಹೋಗುತ್ತವೆ.

ಅವನಿಗೆ ಎರಡು ಮಾತು ಆಡೋಣ ಅಂತ ನಾನು ಸ್ವಲ್ಪ ಗತ್ತಿನಿಂದಲೇ ವರಾಂಡದಲ್ಲಿ ನಡೆದುಕೊಂಡು ಬಂದೆ. ಕಾಲಲ್ಲಿ ಚಕ್ರವಿರಲಿಲ್ಲ, ತಲೆಗೆ ಹೆಲ್ಮೆಟ್ಟಿರಲಿಲ್ಲ, ಸಾದಾ ಚಪ್ಪಲಿ. ಆಗಷ್ಟೇ ನೆಲ ಒರೆಸಿದ್ದರು. ವಕೀಲರು, ಕಕ್ಷಿದಾರರು, ನಾಜರರು, ಎಲ್ಲರ ಕಣ್ಣೆದುರು ನಾನು ನಾಲ್ಕು ಮಾರು ದೂರ ಜಾರಿಕೊಂಡು ಹೋಗಿ ಕಂಬದ ಬುಡದಲ್ಲಿ ನಿಂತೆ. ನಿಂತೆ ಅನ್ನುವುದು ಮರ್ಯಾದೆಯ ಮಾತು. ಕಿರಣ ಓಡಿಬಂದು ಕೈಕೊಟ್ಟು, ಕಿವಿಯ ಹತ್ತಿರ ಬಗ್ಗಿ, ‘ಖುದ್ದೋ ಸಾರ್, ಅಂಟಿಸಿದ್ದೋ?’ ಅಂತ ಪಿಸುಗುಟ್ಟಿದ. ನಾನು ನಗಲಿಲ್ಲ. ಕೂತಲ್ಲೇ ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ನಿಧಾನವಾಗಿ ಎದ್ದೆ.

ಸಂಜೆ ಕುಂಟುತ್ತ ಮನೆಗೆ ಬಂದಾಗ ಶಾರದಮ್ಮ ಕೇಳುವ ಮೊದಲೇ ನಾನೇ ಹೇಳಿದೆ, ‘ಖುದ್ದು. ಆದ್ರೆ ರಿಂಕಿನಾಗಲ್ಲ, ಕೋರ್ಟಿನಾಗೆ.’

ಅವಳು ಎಣ್ಣೆ ಬಿಸಿ ಮಾಡಿ ತಂದಳು. ಸೊಂಟಕ್ಕೆ ತಿಕ್ಕುತ್ತ, ಇಷ್ಟು ದಿನ ತಡೆದಿಟ್ಟುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ನಕ್ಕಳು. ನಕ್ಕು ಸಾಕಾದ ಮೇಲೆ ಹೇಳಿದಳು, ‘ಇಷ್ಟ್ ವರ್ಷ ಸಂಬಳ ತಗಂಡಿದ್ಕೆ, ಇವತ್ತೊಂದು ದಿನ ಆಫೀಸ್ನಾಗೆ ನಿಮ್ ಹುದ್ದೆಗೆ ತಕ್ಕಂಗೆ ನಡ್ಕಂಡ್ರಿ ನೋಡ್ರಿ.’

ನಾನು ಇನ್ನೂ ಸ್ವಲ್ಪ ಕೆಳಗೆ ತಿಕ್ಕು ಅಂತ ಕೈಯಲ್ಲೇ ತೋರಿಸಿದೆ.